ಅಹೋರಾತ್ರಿ ಸಂಗೀತದಲ್ಲಿ ಶ್ರುತಿ ಏಕೆ ಕದಲುತ್ತದೆ?

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ಸೀಮೆಯಲ್ಲಿ ಜಾತ್ರೆ, ಆರಾಧನೆ, ಪುಣ್ಯತಿಥಿಗಳ ನೆಪದಲ್ಲಿ ರಾತ್ರಿಯಿಡೀ ಹಾಡುವುದೂ ಕೇಳುವುದೂ ಹೊಸತಲ್ಲ. ಹಂಪಿಯಲ್ಲಿ ತುಂಗಭದ್ರೆಯ ದಡದ ಪುರಂದರ ಮಂಟಪವನ್ನು ನೋಡಿದವರು ಇಂಥದೊಂದು ರಾತ್ರಿಯನ್ನು ಸುಲಭವಾಗಿ ಊಹಿಸಿಕೊಳ್ಳಬಲ್ಲರು. ಸಂಜೆ ತಂಬೂರಿಯನ್ನು ಎಚ್ಚರದಿಂದ ಶ್ರುತಿಗೂಡಿಸಿ ಗಾಯಕರು ಹಾಡತೊಡಗುತ್ತಾರೆ. ನಡುರಾತ್ರಿಯ ಹೊತ್ತಿಗೆ ಮತ್ತೆ ಬಿರಡೆ ತಿರುಗಿಸುತ್ತಾರೆ. ತಬಲೆಯವರು ಸುತ್ತಿಗೆ ಎತ್ತಿಕೊಳ್ಳುತ್ತಾರೆ. ಬೆಳಗಿನ ಜಾವ ಪುನಃ ಅದೇ ಕೆಲಸ. "ಈಗ ತಾನೆ ಶ್ರುತಿ ಮಾಡಿದರಲ್ಲ, ಮತ್ತೇಕೆ?" ಎಂದು ಬೇಸರಪಡುವ ಕೇಳುಗರು ಇಲ್ಲದಿಲ್ಲ. ಅವರಿಗೆ ಉತ್ತರ ಹೇಳಬೇಕಾದುದು ಭೌತಶಾಸ್ತ್ರ.

ಹಿಂದೂಸ್ತಾನಿ ಸಂಗೀತಕ್ಕೆ ಇಡೀ ರಾತ್ರಿ ಏಕೆ ಬೇಕು ಎಂಬುದನ್ನು ಮೊದಲು ನೋಡೋಣ. ಈ ಪದ್ಧತಿಯಲ್ಲಿ ರಾಗಗಳಿಗೆ ಹೊತ್ತು ಗೊತ್ತುಪಡಿಸಲಾಗಿದೆ. ಸೂರ್ಯಾಸ್ತಕ್ಕೆ ಮಾರವಾ, ರಾತ್ರಿಯ ಮೊದಲ ಜಾವಕ್ಕೆ ಯಮನ್, ರಾತ್ರಿ ಬೆಳೆದ ಮೇಲೆ ದರಬಾರಿ, ಮಾಲಕಂಸ, ಅರುಣೋದಯಕ್ಕೆ ಮುನ್ನ ಲಲಿತ, ಅನಂತರ ಭೈರವ. ಇಷ್ಟನ್ನೂ ಅವುಗಳ ಹೊತ್ತಿನಲ್ಲಿಯೇ ಕೇಳಬೇಕೆಂದರೆ ನಿದ್ದೆಗೆಡಲೇಬೇಕು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ (1886–1952) ಪುಣ್ಯತಿಥಿಯ ನಿಮಿತ್ತ ನಡೆದುಬಂದ ಅಹೋರಾತ್ರಿ ಸಂಗೀತ ಕನ್ನಡನಾಡಿನಲ್ಲಿ ಹೆಸರಾದುದು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು (1892–1944), ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010), ಇಬ್ಬರೂ ಅಂಧರು, ಈ ಸಂಗೀತವನ್ನು ಕಲಿಸಿದರು. ಅವರ ಶಿಷ್ಯ ಪರಂಪರೆ ಅದನ್ನು ಗುಡಿ, ಮಠಗಳ ಅಂಗಳಕ್ಕೆ ಒಯ್ದಿತು.

ಈಗ ತಂಬೂರಿಯ ಕಡೆಗೆ ತಿರುಗೋಣ. ಹಂಪಿಯ ಬಂಡೆಗಳು ಹಗಲೆಲ್ಲ ಕಾಯುತ್ತವೆ. ಬೆಳಗಿನ ಜಾವಕ್ಕೆ ತಣ್ಣಗಾಗುತ್ತವೆ. ಅವುಗಳೊಡನೆ ಗಾಳಿಯೂ ತಣಿಯುತ್ತದೆ. ಸಂಜೆಗಿಂತ ಉಷ್ಣತೆ 10 ಡಿಗ್ರಿ ಸೆಂಟಿಗ್ರೇಡ್ ಇಳಿಯಿತೆನ್ನೋಣ. 90 ಸೆಂಟಿಮೀಟರ್ ಉದ್ದದ ಉಕ್ಕಿನ ತಂತಿಯೊಂದು ಸೆಕೆಂಡಿಗೆ 140 ಸಲ ಕಂಪಿಸುವಂತೆ ಬಿಗಿಯಬೇಕಾದರೆ ಅದನ್ನು ಸುಮಾರು 2.2 ಮಿಲಿಮೀಟರಿನಷ್ಟು ಹಿಗ್ಗಿಸಬೇಕು. 10 ಡಿಗ್ರಿ ತಣಿದಾಗ ಅದೇ ತಂತಿ 0.1 ಮಿಲಿಮೀಟರಿನಷ್ಟು ಕುಗ್ಗಲು ಹವಣಿಸುತ್ತದೆ. ಎರಡು ತುದಿಗಳೂ ಭದ್ರವಾಗಿರುವುದರಿಂದ ಕುಗ್ಗಲಾರದು. ಬದಲಿಗೆ ಅದರ ಬಿಗುಪು ನೂರಕ್ಕೆ ಸುಮಾರು 5ರಷ್ಟು ಏರುತ್ತದೆ. ಕಂಪನಸಂಖ್ಯೆ ಬಿಗುಪಿನ ವರ್ಗಮೂಲವನ್ನು ಅನುಸರಿಸುವುದರಿಂದ, ಅದರ ಏರಿಕೆ ಇದರ ಅರ್ಧ. ಮರದ ದಂಡಿಗೆ ಬದಲಾಗದೆ ಇತ್ತೆಂದು ಭಾವಿಸಿದರೆ 140 ಇದ್ದದ್ದು 143 ಆಗುತ್ತದೆ. ಕೂದಲೆಳೆಯಷ್ಟು ಕುಗ್ಗುವಿಕೆ ಷಡ್ಜವನ್ನೇ ಎತ್ತಿಬಿಡುತ್ತದೆ!

ಎಲ್ಲ ತಂತಿಗಳೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಗಾಯಕರು ಹೇಗೋ ಹೊಂದಿಕೊಳ್ಳಬಹುದಿತ್ತು. ಆದರೆ ಮಂದ್ರ ಷಡ್ಜದ ಹಿತ್ತಾಳೆ ತಂತಿ ಉಕ್ಕಿಗಿಂತ ಹೆಚ್ಚು ಕುಗ್ಗುತ್ತದೆ. ಅದನ್ನು ಹಿಗ್ಗಿಸಿ ಕಟ್ಟಿರುವುದೂ ಕಡಿಮೆ. ಆದ್ದರಿಂದ ಅದರ ಏರಿಕೆಯ ಪ್ರಮಾಣ ಉಕ್ಕಿನ ತಂತಿಯದಕ್ಕಿಂತ ಎರಡು ಮಡಿಗೂ ಮಿಗಿಲು. ಹೀಗೆ ತಂಬೂರಿಯೊಳಗೇ ತಂತಿ ತಂತಿಗೂ ಒಡಕು ಹುಟ್ಟುತ್ತದೆ.

ತಬಲೆಯ ದಾರಿಯೇ ಬೇರೆ. ಗಾಳಿ ತಣ್ಣಗಾದಂತೆ ಅದು ಹಿಡಿದಿಡಬಲ್ಲ ನೀರಾವಿಯ ಪ್ರಮಾಣ ಕಡಿಮೆಯಾಗಿ, ಇದ್ದ ತೇವವೇ ಹೆಚ್ಚೆನಿಸುತ್ತದೆ. ನದೀತೀರದಲ್ಲಂತೂ ಹೇಳಬೇಕಾದುದಿಲ್ಲ. ಆಡಿನ ಚರ್ಮ ಆ ತೇವವನ್ನು ಹೀರಿ ಸಡಿಲಗೊಳ್ಳುತ್ತದೆ, ನಾದ ಇಳಿಯುತ್ತದೆ. ವಾದಕರು ಚರ್ಮದ ಅಂಚಿಗೂ ಬಾರುಗಳ ಕೆಳಗಿನ ಮರದ ತುಂಡುಗಳಿಗೂ ಸುತ್ತಿಗೆಯಿಂದ ತಟ್ಟಿ ಅದನ್ನು ಮತ್ತೆ ಬಿಗಿಯುತ್ತಾರೆ.

ಕೊಳಲು ಇದ್ದರೆ ತೊಡಕು ಇನ್ನೂ ಹೆಚ್ಚುತ್ತದೆ. ಶಬ್ದದ ವೇಗ 30 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 349 ಮೀಟರ್, 20 ಡಿಗ್ರಿಯಲ್ಲಿ 343. ಕೊಳಲೊಳಗಿನ ಗಾಳಿಯ ಕಂಬ ತಣಿದಂತೆ ನಾದ ಇಳಿಯುತ್ತದೆ. ವಾದಕರ ಬಿಸಿಯುಸಿರು ಈ ಇಳಿತವನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಹಾರ್ಮೋನಿಯಂನ ಲೋಹದ ನಾಲಗೆಗಳಾದರೋ ಹೆಚ್ಚು ಕದಲುವುದಿಲ್ಲ. ಅಂದರೆ ತಂತಿ ಏರುತ್ತದೆ, ಚರ್ಮ ಇಳಿಯುತ್ತದೆ, ಕೊಳಲೂ ಇಳಿಯುತ್ತದೆ, ಹಾರ್ಮೋನಿಯಂ ಇದ್ದಲ್ಲೇ ಇರುತ್ತದೆ. ಸಂಜೆ ಒಂದಾಗಿದ್ದ ವಾದ್ಯಗಳು ಯಾರ ತಪ್ಪೂ ಇಲ್ಲದೆ ಬೆಳಗಿನ ಜಾವಕ್ಕೆ ಬೇರೆ ಬೇರೆಯಾಗಿರುತ್ತವೆ.

ಇಷ್ಟು ಸಣ್ಣ ವ್ಯತ್ಯಾಸ ಕಿವಿಗೆ ತಿಳಿಯುವುದಾದರೂ ಹೇಗೆ? 140 ಮತ್ತು 143 ಕಂಪನಗಳ ಎರಡು ನಾದಗಳು ಕೂಡಿದಾಗ ಒಟ್ಟು ನಾದ ಸೆಕೆಂಡಿಗೆ 3 ಸಲ ಉಬ್ಬಿ ತಗ್ಗುತ್ತದೆ. ಈ ಮಿಡಿತವನ್ನು ಗಾಯಕರ ಕಿವಿ ಕೂಡಲೇ ಹಿಡಿಯುತ್ತದೆ. ಬಿರಡೆ ತಿರುಗಿಸಿದಂತೆ ಮಿಡಿತ ನಿಧಾನವಾಗುತ್ತದೆ; ನಿಂತಾಗ ಶ್ರುತಿ ಕೂಡಿತೆಂದು ಅರ್ಥ. ಯಾವ ಮಾಪಕದ ನೆರವೂ ಇಲ್ಲದೆ, ರಾತ್ರಿಯೆಲ್ಲ ಎಚ್ಚರವಿದ್ದ ಕಿವಿ ಮಾಡುವ ಸೂಕ್ಷ್ಮ ಅಳತೆ ಇದು.

ಶ್ರುತಿಯನ್ನು ಕದಲಿಸುವ ಇದೇ ತಂಪು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ರಾತ್ರಿ ನೆಲದ ಬಳಿಯ ಗಾಳಿ ಮೇಲಿನ ಗಾಳಿಗಿಂತ ತಣ್ಣಗಿರುತ್ತದೆ. ಮೇಲೆ ವೇಗ ಹೆಚ್ಚು, ಕೆಳಗೆ ಕಡಿಮೆ. ಆದ್ದರಿಂದ ಮೇಲಕ್ಕೆ ಹೊರಟ ಶಬ್ದ ಬಾಗಿ ನೆಲಕ್ಕೆ ಮರಳುತ್ತದೆ, ಬಲುದೂರ ಕೇಳಿಸುತ್ತದೆ. ಧ್ವನಿವರ್ಧಕ ಸೇರಿದರೆ ಊರಿಗೆಲ್ಲ ನಿದ್ದೆಯಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿಷೇಧಿಸಿದುವು. ವರ್ಷದಲ್ಲಿ ಕೆಲವೇ ದಿನ, ಅದೂ ನಡುರಾತ್ರಿಯವರೆಗೆ ಮಾತ್ರ, ರಿಯಾಯಿತಿ ಕೊಡಬಹುದು. ಮಲಗಿದವರ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ಬಯಲಿನ ಉತ್ಸವಗಳಲ್ಲಿ ಲಲಿತವನ್ನು ಅದರ ಹೊತ್ತಿನಲ್ಲಿಯೇ ಕೇಳುವ ಅವಕಾಶ ಇದರಿಂದ ಕಡಿಮೆಯಾಯಿತೆಂಬುದೂ ನಿಜ. ಧ್ವನಿವರ್ಧಕವಿಲ್ಲದೆ ಸಣ್ಣ ಮಂಟಪದಲ್ಲಿ, ಗುಡಿಯ ಒಳಾಂಗಣದಲ್ಲಿ ಹತ್ತಿರ ಕುಳಿತು ಕೇಳುವ ಹಳೆಯ ಕ್ರಮಕ್ಕೆ ಈ ಅಡ್ಡಿಯಿಲ್ಲ.

ಮುಂದೆ ಅಂಥದೊಂದು ರಾತ್ರಿ ಕೇಳಲು ಹೋದಾಗ ವಿದ್ಯಾರ್ಥಿಗಳು ಗಡಿಯಾರವನ್ನೂ ಸಣ್ಣ ಉಷ್ಣತಾಮಾಪಕವನ್ನೂ ಒಯ್ಯಲಿ. ಶ್ರುತಿ ಮಾಡಿದ ವೇಳೆಯನ್ನೂ ಆಗಿನ ಉಷ್ಣತೆಯನ್ನೂ ಬರೆದಿಡಲಿ. ಬಿರಡೆ ತಿರುಗುವಾಗ ಮಾತಾಡದೆ, ಮಿಡಿತ ನಿಧಾನವಾಗಿ ನಿಲ್ಲುವುದನ್ನು ಆಲಿಸಲಿ. ಸಂಗೀತ ನಿಂತಿತೆಂದು ನಾವು ಎಣಿಸುವ ಆ ಕೆಲವು ನಿಮಿಷಗಳಲ್ಲೂ ಸಂಗೀತವೇ ನಡೆದಿರುತ್ತದೆ.