ಪಾಸ್‌ಬುಕ್ ಕೊಡು, ಕಮಿಷನ್ ತಗೋ: ಇನ್‌ಸ್ಟಾದಲ್ಲಿ ಕಾಲೇಜು ಮಕ್ಕಳ ಬ್ಯಾಂಕ್ ಅಕೌಂಟ್‌ಗೆ ಗಾಳ, ಪೋಷಕರು ಮತ್ತು ಅಂಗಡಿಯವರು ತಿಳಿಯಬೇಕಾದ್ದೇನು?

"ಮನೆಯಲ್ಲೇ ಕೂತು ದುಡೀರಿ. ಬಂಡವಾಳ ಬೇಡ. ಬ್ಯಾಂಕ್ ಅಕೌಂಟ್ ಇದ್ರೆ ಸಾಕು, ಡಿಎಂ ಮಾಡಿ." ಇನ್‌ಸ್ಟಾಗ್ರಾಂ ಸ್ಟೋರಿಯಲ್ಲೋ ಟೆಲಿಗ್ರಾಂ ಗ್ರೂಪ್‌ನಲ್ಲೋ ಇಂಥ ಸಾಲು ಕಾಣದ ಪಿಯು ವಿದ್ಯಾರ್ಥಿ ಈಗ ಸಿಗೋದು ಕಷ್ಟ.

ಮಕ್ಕಳು ಎಷ್ಟು ಹೊತ್ತು ಮೊಬೈಲ್ ಹಿಡ್ಕೊಂಡಿರ್ತಾರೆ ಅನ್ನೋದು ಎಲ್ಲರ ಮನೆಯ ಜಗಳ. ಆದ್ರೆ ಆ ಹೊತ್ತಿನಲ್ಲಿ ಅವರನ್ನ ಯಾರು ಮಾತಾಡಿಸ್ತಿದ್ದಾರೆ, ಏನು ಕೇಳ್ತಿದ್ದಾರೆ ಅಂತ ವಿಚಾರಿಸೋರು ಕಡಿಮೆ. ಈಗ ಕೇಳ್ತಿರೋದು ಅವರ ಅಕೌಂಟ್, ಎಟಿಎಂ ಕಾರ್ಡ್ ಮತ್ತು ಸಿಮ್. ಕೊಟ್ಟ ಹುಡುಗನಿಗೆ ಸಿಗೋದು ಒಂದಿಷ್ಟು ಕಮಿಷನ್. ಆಮೇಲೆ ಮನೆ ಬಾಗಿಲಿಗೆ ಬರೋದು ಪೊಲೀಸ್ ನೋಟಿಸ್.

ಏನಿದು ಮ್ಯೂಲ್ ಅಕೌಂಟ್?

ಪೊಲೀಸರು, ಬ್ಯಾಂಕಿನವರು ಇಂಥ ಖಾತೆಗೆ "ಮ್ಯೂಲ್ ಅಕೌಂಟ್" ಅಂತಾರೆ. ಮ್ಯೂಲ್ ಅಂದ್ರೆ ಹೇಸರಗತ್ತೆ. ಬೆನ್ನ ಮೇಲಿನ ಮೂಟೆಯಲ್ಲಿ ಏನಿದೆ ಅಂತ ಅದಕ್ಕೆ ಗೊತ್ತಿರಲ್ಲ, ಹೊರೋದಷ್ಟೇ ಕೆಲಸ.

ಸೈಬರ್ ಕಳ್ಳರಿಗೆ ಕದಿಯೋದಕ್ಕಿಂತ ಕಷ್ಟದ ಕೆಲಸ ಅಂದ್ರೆ ಕದ್ದ ದುಡ್ಡನ್ನ ಕೈಗೆ ತಗೊಳ್ಳೋದು. ಸ್ವಂತ ಹೆಸರಿನ ಖಾತೆಗೆ ಹಾಕಿಸ್ಕೊಂಡ್ರೆ ಒಂದೇ ದಿನದಲ್ಲಿ ಸಿಕ್ಕಿಬೀಳ್ತಾರೆ. ಹಾಗಾಗಿ ಬೇರೆಯವರ ಹೆಸರು ಬೇಕು. ಹಳೇ ಕೇಸಿಲ್ಲದ, ಕೆವೈಸಿ ಸರಿಯಾಗಿರೋ, ಯಾರಿಗೂ ಅನುಮಾನ ಬಾರದ ಹೆಸರು. ಕಾಲೇಜು ಮಕ್ಕಳ ಹೆಸರಿಗಿಂತ ಬೇರೆ ಬೇಕೇ?

ದುಡ್ಡು ಹರಿಯೋ ದಾರಿ ಹೀಗಿರುತ್ತೆ. ಯಾವುದೋ ಊರಿನ ನಿವೃತ್ತ ನೌಕರರೊಬ್ಬರಿಗೆ "ಡಿಜಿಟಲ್ ಅರೆಸ್ಟ್" ಅಂತ ಹೆದರಿಸಿ ಲಕ್ಷಗಟ್ಟಲೆ ಹಾಕಿಸ್ಕೋತಾರೆ. ಅದು ಮೊದಲು ಬಂದು ಬೀಳೋದು ಇಂಥ ಬಾಡಿಗೆ ಖಾತೆಗೆ. ಅಲ್ಲಿಂದ ನಿಮಿಷಗಳಲ್ಲಿ ನಾಲ್ಕೈದು ಖಾತೆಗೆ ಹಂಚಿಹೋಗುತ್ತೆ, ಅಲ್ಲಿಂದ ಮತ್ತಷ್ಟಕ್ಕೆ. ಕೊನೆಗೆ ಎಟಿಎಂನಲ್ಲಿ ನಗದಾಗಿಯೋ ಕ್ರಿಪ್ಟೋ ಆಗಿಯೋ ಹೊರಗೆ ಹೋಗುತ್ತೆ. ಕಾಗದದ ಮೇಲೆ ಉಳಿಯೋ ಹೆಸರು ಅಕೌಂಟ್ ಕೊಟ್ಟವರದ್ದು.

ಮಕ್ಕಳೇ ಯಾಕೆ?

ಮೊದಲ ಕಾರಣ, ಈಗ ಎಲ್ಲ ಮಕ್ಕಳಿಗೂ ಅಕೌಂಟ್ ಇದೆ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ರೆ ಹಣ ಬರೋದು ಆಧಾರ್ ಸೀಡಿಂಗ್ ಆಗಿರೋ ಖಾತೆಗೇ. ಅದರ ಮೇಲೆ, 10 ವರ್ಷ ತುಂಬಿದ ಮಕ್ಕಳಿಗೆ ಸ್ವತಂತ್ರವಾಗಿ ಉಳಿತಾಯ ಖಾತೆ ನಡೆಸೋಕೆ ಬ್ಯಾಂಕ್‌ಗಳು ಅವಕಾಶ ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಹೇಳಿದೆ.

ಎರಡನೇದು, ಎಲ್ಲರ ಕೈಯಲ್ಲೂ ಫೋನ್ ಇದೆ. ದೇಶದ ಹಳ್ಳಿಗಳಲ್ಲಿ ಸಮೀಕ್ಷೆ ಮಾಡೋ ಅಸರ್ 2024ರ ವರದಿ ಪ್ರಕಾರ, 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಶೇ. 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸೋದು ಗೊತ್ತು. ಹಾಗೆ ಗೊತ್ತಿದ್ದವರಲ್ಲಿ ಹಿಂದಿನ ವಾರ ಓದಿಗಾಗಿ ಫೋನ್ ಬಳಸಿದವರು ಶೇ. 57. ಸೋಷಿಯಲ್ ಮೀಡಿಯಾ ನೋಡಿದವರು ಶೇ. 76. ಗಾಳ ಹಾಕೋರು ಮಕ್ಕಳು ಹೆಚ್ಚು ಸಿಗೋ ಜಾಗದಲ್ಲೇ ಹಾಕ್ತಾರೆ.

ಮೂರನೇದೇ ಮುಖ್ಯ. ಬೆಳಗ್ಗೆ ಎದ್ದು ರೀಲ್ಸ್ ತೆಗೆದ್ರೆ ತಮ್ಮದೇ ವಯಸ್ಸಿನವರು ಬೈಕ್, ಐಫೋನ್, ಗೋವಾ ಟ್ರಿಪ್ ತೋರಿಸ್ತಿರ್ತಾರೆ. ಮೊದಲು ಹೋಲಿಕೆ ಅಂದ್ರೆ ಪಕ್ಕದ ಮನೆಯ ಹುಡುಗನ ಜತೆ. ಈಗ ಇಡೀ ದೇಶದ ಜತೆ. ಬಸ್ ಪಾಸ್, ಹೋಟೆಲ್‌ನಲ್ಲಿ ಒಂದು ಪ್ಲೇಟ್ ಗೋಬಿಗೆ ಆಗೋಷ್ಟು ಕಾಸು ಜೇಬಲ್ಲಿಟ್ಕೊಂಡು ಅದನ್ನೆಲ್ಲ ನೋಡೋ ಹುಡುಗನಿಗೆ "ಸುಮ್ನೆ ಅಕೌಂಟ್ ಕೊಡು" ಅನ್ನೋ ಮಾತು ಕಳ್ಳತನ ಅನ್ಸಲ್ಲ, ದಾರಿ ಅನ್ಸುತ್ತೆ.

ಮೆಸೇಜ್ ಅಪರಿಚಿತರಿಂದಲೇ ಬರಬೇಕು ಅಂತೇನೂ ಇಲ್ಲ. ಮೊದಲು ಕೊಟ್ಟ ಹುಡುಗನಿಗೇ "ಇನ್ನೂ ಇಬ್ಬರನ್ನ ಸೇರಿಸು, ತಲೆಗಿಷ್ಟು" ಅಂತ ಆಸೆ ಹಚ್ಚಿರ್ತಾರೆ. ಆಗ ಮೆಸೇಜ್ ಬರೋದು ಕ್ಲಾಸ್‌ಮೇಟ್‌ನಿಂದ, ಸೀನಿಯರ್‌ನಿಂದ. ಜತೆಗೆ "ನಂಗೆ ಬಂದಿದೆ ನೋಡು" ಅನ್ನೋ ಸ್ಕ್ರೀನ್‌ಶಾಟ್. ಗೊತ್ತಿರೋ ಮುಖ ಹೇಳಿದ ಮೇಲೆ ಯಾರು ಅನುಮಾನ ಪಡ್ತಾರೆ?

ಗಾಳದ ನಾಲ್ಕು ರೂಪ

- ನೇರ ಬಾಡಿಗೆ: ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಎಲ್ಲ ಸೇರಿಸಿ ಕೊಡೋದು. ಕೆಲವು ಸಾವಿರ ಕೊಟ್ಟು ಕೊಂಡುಕೊಂಡೇ ಹೋಗ್ತಾರೆ.
- ಟಾಸ್ಕ್ ಕೆಲಸ: ವಿಡಿಯೋಗೆ ಲೈಕ್ ಕೊಡಿ, ಹೋಟೆಲ್‌ಗೆ ಸ್ಟಾರ್ ಕೊಡಿ ಅಂತಾರೆ. ಮೊದಲ ದಿನ ನೂರಿನ್ನೂರು ನಿಜವಾಗಿಯೂ ಬರುತ್ತೆ. ಆಮೇಲೆ "ನಿನ್ನ ಅಕೌಂಟ್‌ಗೆ ದುಡ್ಡು ಬರುತ್ತೆ, ಇಷ್ಟು ಇಟ್ಕೊಂಡು ಉಳಿದದ್ದು ಕಳಿಸು" ಅಂತ ಶುರು.
- ತಪ್ಪಿ ಬಂತು ಆಟ: ಖಾತೆಗೆ ಗೊತ್ತಿಲ್ಲದ ಹಣ ಬೀಳುತ್ತೆ. "ಅಣ್ಣಾ, ತಪ್ಪಾಗಿ ಬಂದಿದೆ, ಈ ನಂಬರ್‌ಗೆ ಹಾಕು" ಅಂತ ಫೋನ್. ಹಾಕಿದ್ರೆ ಕಳ್ಳರ ದುಡ್ಡು ದಾಟಿಸಿದ ಹಾಗೆ.
- ಬೆಟ್ಟಿಂಗ್ ಆ್ಯಪ್: ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾನೂನನ್ನ ಸಂಸತ್ತು 2025ರ ಆಗಸ್ಟ್‌ನಲ್ಲೇ ಪಾಸ್ ಮಾಡಿದೆ. ಕದ್ದುಮುಚ್ಚಿ ನಡೆಯೋ ಆ್ಯಪ್‌ಗಳು ಹಣ ಕಟ್ಟಿಸ್ಕೊಳ್ಳೋಕೆ ಇಂಥ ಬಾಡಿಗೆ ಖಾತೆಗಳನ್ನೇ ಬಳಸ್ತವೆ.

ಸಿಕ್ಕಿಬೀಳೋದು ಹೇಗೆ?

ಹಣ ಕಳ್ಕೊಂಡವರು 1930ಕ್ಕೆ ಫೋನ್ ಮಾಡಿದ ಕೂಡಲೇ ಆ ಹಣ ಯಾವ್ಯಾವ ಖಾತೆಗೆ ಹೋಗಿದೆ ಅಂತ ಬ್ಯಾಂಕ್‌ಗಳು ಬೆನ್ನತ್ತುತ್ತವೆ. ಸಿಕ್ಕ ಖಾತೆಯಲ್ಲಿ ಹಣ ತಡೆಹಿಡೀತಾರೆ, ಇಲ್ಲವೇ ಖಾತೆಯನ್ನೇ ಫ್ರೀಜ್ ಮಾಡ್ತಾರೆ. ಇದಲ್ಲದೆ ಮ್ಯೂಲ್ ಖಾತೆ ಪತ್ತೆಗೆ ರಿಸರ್ವ್ ಬ್ಯಾಂಕ್‌ನ ಇನೋವೇಶನ್ ಹಬ್ "ಮ್ಯೂಲ್‌ಹಂಟರ್" ಅನ್ನೋ ಎಐ ವ್ಯವಸ್ಥೆ ಮಾಡಿದೆ. ವರ್ಷಕ್ಕೊಮ್ಮೆ ಸ್ಕಾಲರ್‌ಶಿಪ್ ಬರೋ ಖಾತೆಗೆ ಒಂದೇ ದಿನ ಲಕ್ಷಗಟ್ಟಲೆ ಬಂದು ಹೋದ್ರೆ ಅದು ಕಣ್ಣಿಗೆ ಬೀಳದೇ ಇರುತ್ತಾ?

ಕಂಪ್ಲೇಂಟ್ ಕೊಟ್ಟವರು ಇಲ್ಲಿಯವರೇ ಆಗಿರಬೇಕಿಲ್ಲ. ರಾಜಸ್ಥಾನದಲ್ಲಿ, ಕೇರಳದಲ್ಲಿ ಇರಬಹುದು. ನೋಟಿಸ್ ಅಲ್ಲಿಯ ಠಾಣೆಯಿಂದ ಬರುತ್ತೆ. ಉತ್ತರ ಕೊಡೋಕೆ ಅಪ್ಪ ಕೂಲಿ ಬಿಟ್ಟು ರೈಲು ಹತ್ತಬೇಕಾಗಬಹುದು. ಖಾತೆ ಫ್ರೀಜ್ ಆಗಿದ್ರೆ ಸ್ಕಾಲರ್‌ಶಿಪ್ ಜಮಾ ಆದ್ರೂ ಬಿಡಿಸ್ಕೊಳ್ಳೋಕೆ ಆಗಲ್ಲ. ಕಾಲೇಜು ಫೀಸು ಅಲ್ಲಿಗೆ ನಿಂತಂಗೆ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. 18 ವರ್ಷದೊಳಗಿನವರ ಹೆಸರಿಗೆ ಸಿಮ್ ಕೊಡೋ ಹಾಗಿಲ್ಲ. ಹಾಗಾಗಿ ಮಗನ ಕೈಯಲ್ಲಿರೋ ಸಿಮ್ ಅಪ್ಪನ ಹೆಸರಲ್ಲೋ ಅಮ್ಮನ ಹೆಸರಲ್ಲೋ ಇರುತ್ತೆ. ಮಗ ಆ ಸಿಮ್ ಕೊಟ್ಟ ಅಂದ್ರೆ ಕೊಟ್ಟಿದ್ದು ನಿಮ್ಮ ಹೆಸರನ್ನ.

"ನಾನು ಯಾರಿಗೂ ಮೋಸ ಮಾಡಿಲ್ವಲ್ಲ"

ಈ ಮಾತು ಕೇಸಿನಿಂದ ಬಿಡಿಸಲ್ಲ. ಗೊತ್ತಿದ್ದೂ ಕೊಟ್ಟಿದ್ದು ಅಂತ ತನಿಖೆಯಲ್ಲಿ ಕಂಡ್ರೆ ವಂಚನೆ ಕೇಸ್ ಬೀಳುತ್ತೆ. ಭಾರತೀಯ ನ್ಯಾಯ ಸಂಹಿತೆಯ 318(4) ಪ್ರಕಾರ 7 ವರ್ಷದ ತನಕ ಶಿಕ್ಷೆ ಇದೆ. ಐಟಿ ಕಾಯ್ದೆಯ 66ಡಿ ಪ್ರಕಾರ 3 ವರ್ಷದ ತನಕ ಜೈಲು, 1 ಲಕ್ಷದ ತನಕ ದಂಡ. 18 ತುಂಬದವರ ಕೇಸು ಬಾಲ ನ್ಯಾಯ ಮಂಡಳಿ ಮುಂದೆ ಹೋಗುತ್ತೆ. ಆದ್ರೆ ಸೆಕೆಂಡ್ ಪಿಯು ಮುಗಿಯೋ ಹೊತ್ತಿಗೆ ತುಂಬಾ ಮಕ್ಕಳಿಗೆ 18 ಆಗಿರುತ್ತೆ. ಆಮೇಲೆ ಅವರು ಕಾನೂನಿನ ಕಣ್ಣಲ್ಲಿ ದೊಡ್ಡವರು. ಪೊಲೀಸ್ ಕೆಲಸಕ್ಕೆ, ಸರ್ಕಾರಿ ನೌಕರಿಗೆ, ಪಾಸ್‌ಪೋರ್ಟ್‌ಗೆ ವೆರಿಫಿಕೇಶನ್ ಬಂದಾಗ ಆ ಕೇಸು ಎದುರಿಗೆ ಬಂದು ನಿಲ್ಲುತ್ತೆ.

ಅಂಗಡಿಯವರಿಗೇನು ಸಂಬಂಧ?

"ಅಂಕಲ್, ಫೋನ್‌ಪೇ ಮಾಡ್ತೀನಿ, ಕ್ಯಾಶ್ ಕೊಡ್ತೀರಾ?" ದಿನಕ್ಕೆ ಹತ್ತು ಜನ ಕೇಳ್ತಾರೆ. ನೂರು, ಇನ್ನೂರಕ್ಕೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಆದ್ರೆ ಗುರುತಿಲ್ಲದ ಹುಡುಗ ಸಾವಿರಗಟ್ಟಲೆ ಸ್ಕ್ಯಾನ್ ಮಾಡಿ ನಗದು ಕೇಳಿದ್ರೆ ಯೋಚನೆ ಮಾಡಿ. ಅದು ವಂಚನೆ ಹಣ ಆಗಿದ್ರೆ ಜಾಡು ಹಿಡಿದು ನಿಮ್ಮ ಖಾತೆಗೂ ತಡೆ ಬೀಳುತ್ತೆ. ಸಂತೆ ದಿನ ಮಾಲು ತರೋಕೆ ದುಡ್ಡಿಲ್ಲದಂಗೆ ಆಗುತ್ತೆ.

ಹಾಗೇನಾದ್ರೂ ಆದ್ರೆ ಬ್ಯಾಂಕ್ ಶಾಖೆಯಲ್ಲಿ ದೂರಿನ ನಂಬರ್, ತಡೆ ಹಾಕಿಸಿದ ಠಾಣೆಯ ವಿವರ ಕೇಳಿ. ಬಿಲ್, ಸಿಸಿ ಕ್ಯಾಮೆರಾ ದೃಶ್ಯ ಇದ್ರೆ ಜೋಪಾನ ಮಾಡಿ. ವಿವಾದದ ಮೊತ್ತ ಮಾತ್ರ ತಡೆಹಿಡಿದು ಉಳಿದದ್ದು ಬಿಡಿ ಅಂತ ಬರವಣಿಗೆಯಲ್ಲಿ ಅರ್ಜಿ ಕೊಡಿ. ಅಂಗಡಿಯ ಕ್ಯೂಆರ್ ಕೋಡ್ ಅನ್ನು "ಒಂದು ದಿನದ ಮಟ್ಟಿಗೆ" ಅಂತ ಯಾರು ಕೇಳಿದ್ರೂ ಕೊಡಬೇಡಿ.

ಮಗ, ಮಗಳು ಆಗಲೇ ಕೊಟ್ಟುಬಿಟ್ಟಿದ್ರೆ?

ಮೊದಲು ಬೈಯೋದು, ಫೋನ್ ಕಿತ್ಕೊಳ್ಳೋದು ನಿಲ್ಲಿಸಿ. "ಹೇಳಿದ್ರೆ ಮೊಬೈಲ್ ಹೋಗುತ್ತೆ" ಅನ್ನೋ ಭಯಕ್ಕೇ ಮಕ್ಕಳು ಮುಚ್ಚಿಡೋದು. ಮುಚ್ಚಿಟ್ಟ ಒಂದೊಂದು ದಿನವೂ ಆ ಖಾತೆಯಲ್ಲಿ ಇನ್ನಷ್ಟು ಕಳ್ಳದುಡ್ಡು ಓಡಾಡಿರುತ್ತೆ. ಆಮೇಲೆ ಈ ಕೆಲಸ ಮಾಡಿ:

1. ಅವತ್ತೇ ಬ್ಯಾಂಕ್‌ಗೆ ಹೋಗಿ ಬರೆದು ಕೊಡಿ. ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ಬ್ಲಾಕ್ ಮಾಡಿಸಿ. ಕೊಟ್ಟ ಅರ್ಜಿಯ ಪ್ರತಿಗೆ ಸೀಲ್ ಹಾಕಿಸ್ಕೊಳ್ಳಿ.
2. ಸಿಮ್ ಕೊಟ್ಟಿದ್ರೆ ಅದನ್ನೂ ಬ್ಲಾಕ್ ಮಾಡಿಸಿ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಬಹುದು.
3. ಚಾಟ್, ನಂಬರ್, ಸ್ಕ್ರೀನ್‌ಶಾಟ್ ಯಾವುದನ್ನೂ ಡಿಲೀಟ್ ಮಾಡಬೇಡಿ. ಹೆದರಿ ಅಳಿಸಿದ್ರೆ ಮಗುವಿನ ಪರವಾಗಿದ್ದ ಸಾಕ್ಷಿನೇ ಹೋಯ್ತು.
4. ಖಾತೆಯಲ್ಲಿ ಬಂದು ಬಿದ್ದಿರೋ ಹಣ ಮುಟ್ಟಬೇಡಿ. ಯಾರು ಹೇಳಿದ್ರೂ ವಾಪಸ್ ಕಳಿಸಬೇಡಿ. ಬ್ಯಾಂಕ್‌ಗೆ ತಿಳಿಸಿ.
5. ಮಗುವಿನ ಜತೆ ನೀವೇ ಪೊಲೀಸ್ ಠಾಣೆಗೋ ಜಿಲ್ಲೆಯ ಸೆನ್ ಠಾಣೆಗೋ ಹೋಗಿ ವಿಷಯ ತಿಳಿಸಿ. ಅದಕ್ಕೂ ಮೊದಲು ವಕೀಲರ ಸಲಹೆ ಬೇಕಿದ್ರೆ ಕೋರ್ಟ್ ಆವರಣದ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಮಹಿಳೆಯರಿಗೆ, ಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಇದೆ.

ಇನ್ನೂ ಏನೂ ಆಗಿಲ್ಲ ಅನ್ನೋ ಮನೆಗಳಲ್ಲಿ ಒಂದೇ ಕೆಲಸ. ಇವತ್ತು ರಾತ್ರಿ ಊಟಕ್ಕೆ ಕೂತಾಗ "ಇಂಥ ಮೆಸೇಜ್ ನಿಂಗೂ ಬಂದಿದ್ಯಾ?" ಅಂತ ಕೇಳಿ. "ಹೂಂ" ಅಂದ್ರೆ ಗಾಬರಿ ಆಗಬೇಡಿ, ತೋರಿಸು ಅನ್ನಿ. ಎಟಿಎಂ ಕಾರ್ಡ್ ಎಲ್ಲಿದೆ ಅಂತಲೂ ಹಾಗೇ ಒಂದು ಸಲ ನೋಡ್ಕೊಳ್ಳಿ.

ನೆನಪಿಟ್ಕೊಳ್ಳಿ
ಹಣ ಕಳ್ಕೊಂಡ್ರೆ ಕೂಡಲೇ: 1930
ಉಚಿತ ಕಾನೂನು ನೆರವು: 15100
ಮಕ್ಕಳ ಸಹಾಯವಾಣಿ: 1098