ಕಳುವಾದ ಫೋನಿನಲ್ಲಿ ಪಾಸ್‌ವರ್ಡುಗಳ ಗತಿ

ಫೋನ್ ಕಳ್ಳನ ಕೈ ಸೇರಿದರೆ ಅದರೊಳಗಿನ ಪಾಸ್‌ವರ್ಡುಗಳೂ ಅವನ ಪಾಲು ಎಂಬ ನಂಬಿಕೆ ವ್ಯಾಪಕ. ಕೇಬಲ್ ಸಿಕ್ಕಿಸಿದರೆ, ಅದೂ ಆಗದಿದ್ದರೆ ಮೆಮೊರಿ ಚಿಪ್ ಕಿತ್ತರೆ, ಎಲ್ಲವನ್ನೂ ಓದಬಹುದು ಎಂದೇ ಹಲವರ ಊಹೆ. ಹಳೆಯ ಫೋನುಗಳ ಮಟ್ಟಿಗೆ ಇದು ತೀರಾ ಸುಳ್ಳೂ ಆಗಿರಲಿಲ್ಲ. ಈಗಿನ ಫೋನುಗಳಲ್ಲಿ ಮಾಹಿತಿ ಎನ್‌ಕ್ರಿಪ್ಟ್ ಆಗಿರುತ್ತದೆ. ಅದನ್ನು ಬಿಡಿಸುವ ಕೀಲಿಗೆ ಬಳಕೆದಾರರ ಪಿನ್ ಒಂದೇ ಸಾಲದು, ಆ ಫೋನಿನ ಹಾರ್ಡ್‌ವೇರಿನಲ್ಲೇ ಹುದುಗಿರುವ ಗುಟ್ಟಿನ ಸಂಖ್ಯೆಯೂ ಬೇಕು. ಕಿತ್ತು ತೆಗೆದ ಮೆಮೊರಿಯಲ್ಲಿ ಸಿಗುವುದು ಅರ್ಥವಿಲ್ಲದ ಅಂಕಿಗಳ ರಾಶಿ ಮಾತ್ರ. ಐಫೋನಿಗೆ ಇದಕ್ಕೆಂದೇ ಪ್ರತ್ಯೇಕ ಭಾಗ, ಸೆಕ್ಯೂರ್ ಎನ್‌ಕ್ಲೇವ್, ಬಂದದ್ದು 2013ರ 5ಎಸ್ ಮಾದರಿಯಲ್ಲಿ. ಆಂಡ್ರಾಯ್ಡ್ 10ರೊಂದಿಗೆ ಹೊರಬರುವ ಫೋನುಗಳಿಗೆ ಎನ್‌ಕ್ರಿಪ್ಷನ್ ಕಡ್ಡಾಯವಾಯಿತು.

ನಾಲ್ಕಂಕಿಯ ಪಿನ್ ಕಾಪಾಡುವುದು ತನ್ನ ಬಲದಿಂದಲ್ಲ. ಇರುವುದೇ 10,000 ಸಾಧ್ಯತೆ. ಐಫೋನ್ ಪ್ರತಿ ಪ್ರಯತ್ನಕ್ಕೆ ಸುಮಾರು 80 ಮಿಲಿಸೆಕೆಂಡು ತೆಗೆದುಕೊಂಡರೂ ಹದಿಮೂರು ನಿಮಿಷ ಚಿಲ್ಲರೆಯಲ್ಲಿ ಎಲ್ಲವೂ ಮುಗಿದೀತು. ತಡೆಯುವುದು ತಪ್ಪುಗಳು ಹೆಚ್ಚಿದಂತೆ ಉದ್ದವಾಗುವ ಕಾಯುವಿಕೆ. ಆಯ್ಕೆ ಮಾಡಿಟ್ಟಿದ್ದರೆ ಹತ್ತನೆಯ ತಪ್ಪಿಗೆ ಫೋನ್ ಎಲ್ಲವನ್ನೂ ಅಳಿಸಿಹಾಕುತ್ತದೆ. 2016ರಲ್ಲಿ ಅಮೆರಿಕದ ಸ್ಯಾನ್ ಬರ್ನಾರ್ಡಿನೊ ಗುಂಡಿನ ದಾಳಿ ಪ್ರಕರಣದ ಐಫೋನ್ 5ಸಿ ತೆರೆಯಲು ಎಫ್‌ಬಿಐ ಆಪಲ್‌ನಿಂದ ಕೇಳಿದ್ದು ಈ ಅಡ್ಡಿಗಳನ್ನು ತೆಗೆಯುವ ತಂತ್ರಾಂಶವನ್ನೇ. ಆಪಲ್ ಒಪ್ಪಲಿಲ್ಲ, ಕೊನೆಗೆ ಬೇರೆಯವರ ನೆರವಿನಿಂದ ಅದು ತೆರೆಯಿತು. ಭೇದಿಸಲಾಗದ ಫೋನ್ ಇಲ್ಲ, ಆದರೆ ಅದಕ್ಕೆ ಬೇಕಾದ ಸಾಧನ ಜೇಬುಗಳ್ಳರ ಬಳಿ ಇರುವುದು ಅಪರೂಪ.

ಬೆರಳಚ್ಚು ಇಟ್ಟರೆ ಪಿನ್ ಹೇಗಿದ್ದರೂ ನಡೆಯುತ್ತದೆ ಎಂಬುದು ಇನ್ನೊಂದು ತಪ್ಪು. ಬೆರಳು ಒಪ್ಪದಿದ್ದಾಗ ಫೋನ್ ಕೇಳುವುದು ಪಿನ್ನನ್ನೇ. ಅಮೆರಿಕದ ಬಾರುಗಳಲ್ಲಿ ಕಳ್ಳರು ಮೊದಲು ಪಿನ್ ಒತ್ತುವುದನ್ನು ಹಿಂದಿನಿಂದ ನೋಡಿಕೊಂಡು, ಆಮೇಲೆ ಫೋನ್ ಎಗರಿಸುತ್ತಿದ್ದ ಸಂಗತಿ 2023ರಲ್ಲಿ ಸುದ್ದಿಯಾಯಿತು. ಉಳಿಸಿಟ್ಟ ಪಾಸ್‌ವರ್ಡುಗಳೂ ಅದೇ ಪಿನ್ನಿಗೆ ತೆರೆದುಕೊಳ್ಳುತ್ತಿದ್ದವು. 2024ರ ಜನವರಿಯಲ್ಲಿ ಐಫೋನಿನ ಐಒಎಸ್ 17.3ರ ಜೊತೆ ಬಂದ ಹೊಸ ಸೌಲಭ್ಯವನ್ನು ಚಾಲೂ ಮಾಡಿದರೆ, ಮನೆ, ಕಚೇರಿಯಂಥ ಪರಿಚಿತ ಜಾಗಗಳಾಚೆ ಆ ಪಾಸ್‌ವರ್ಡುಗಳಿಗೆ ಮುಖ ಅಥವಾ ಬೆರಳೇ ಬೇಕು.

ಬೀಗ ತೆರೆದಿರುವಾಗಲೇ ಕಸಿದುಕೊಂಡ ಫೋನಿನಲ್ಲಿ ಎನ್‌ಕ್ರಿಪ್ಷನ್ ನೆರವಿಗೆ ಬಾರದು. ನೋಟ್ಸ್‌ನಲ್ಲಿ ಬರೆದಿಟ್ಟ, ಗ್ಯಾಲರಿಯಲ್ಲಿ ಫೋಟೋ ಹೊಡೆದಿಟ್ಟ, ವಾಟ್ಸ್ಆ್ಯಪ್‌ನಲ್ಲಿ ತಮಗೇ ಕಳಿಸಿಕೊಂಡ ಪಾಸ್‌ವರ್ಡುಗಳು ಆಗ ಕಳ್ಳನ ಕಣ್ಣಿಗೆ ಬೀಳುತ್ತವೆ. ಯುಪಿಐ ಪಿನ್ ಮಾತ್ರ ಫೋನಿನಲ್ಲಿ ಉಳಿಯುವುದಿಲ್ಲ.

ಜನ ಮರೆಯುವುದು ಸಿಮ್ಮನ್ನು. ಸಿಮ್ ಪಿನ್ ಇಲ್ಲದಿದ್ದರೆ ಅದನ್ನು ಬೇರೆ ಫೋನಿಗೆ ಹಾಕಿ, 'ಪಾಸ್‌ವರ್ಡ್ ಮರೆತಿದ್ದೇನೆ' ಎಂದು ಒತ್ತಿ, ಒಟಿಪಿ ತರಿಸಿಕೊಳ್ಳಬಹುದು. ಹಳೆಯ ಪಾಸ್‌ವರ್ಡ್ ಬೇಕಾಗುವುದೇ ಇಲ್ಲ. ದೂರಸಂಪರ್ಕ ಇಲಾಖೆಯ ಸಿಇಐಆರ್ ಪೋರ್ಟಲಿನಲ್ಲಿ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ತಡೆಹಿಡಿದರೆ ಭಾರತದ ಮೊಬೈಲ್ ಜಾಲಗಳಲ್ಲಿ ಆ ಹ್ಯಾಂಡ್‌ಸೆಟ್ ನಡೆಯದು. ಸಿಮ್ ನಿಲ್ಲಿಸಲು ಮೊಬೈಲ್ ಕಂಪನಿಗೇ ಹೇಳಬೇಕು.