ಬ್ರೇಕ್ ಆಯಿಲ್‌ನೊಳಗಿನ ಗಾಳಿ

ಚಾಮುಂಡಿ ಬೆಟ್ಟ ಇಳಿಯುವಾಗ ಪಿಕಪ್ಪಿನ ಬ್ರೇಕ್ ಪೆಡಲ್ ಮೆತ್ತಗಾದರೆ, ಎರಡು ಸಲ ತುಳಿದರೆ ಹಿಡಿಯುತ್ತದಲ್ಲ ಎಂಬ ಸಮಾಧಾನ ಅಪಾಯಕಾರಿ. ಆಯಿಲ್‌ಗೆ ಗಾಳಿ ಸೇರಿರಬಹುದು: ಆಯಿಲ್ ಅಷ್ಟಾಗಿ ಕುಗ್ಗದು, ಗಾಳಿ ಕುಗ್ಗುತ್ತದೆ. ಕಾಲಿನ ಒತ್ತಡ ಚಕ್ರ ತಲುಪದೆ ಗುಳ್ಳೆಯಲ್ಲೇ ಕಳೆದುಹೋಗುತ್ತದೆ. ಸಾಲದ್ದಕ್ಕೆ ಬ್ರೇಕ್ ಆಯಿಲ್ ತೇವ ಹೀರುತ್ತದೆ: ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ನೀರು ಸೇರಿದ ಮೇಲೆ ಆ ಮಿತಿ 140. ಇಳಿಜಾರಿನ ಕಾವಿಗೆ ಅದು ಕುದ್ದರೆ ಆವಿಯೂ ಗಾಳಿಯಷ್ಟೇ ಕೆಡುಕು.

ಈ ಗಾಳಿ ಹೊರತೆಗೆಯುವುದು ಮೆಕ್ಯಾನಿಕ್ ಕೆಲಸವಲ್ಲವೇ ಎಂಬ ಆಕ್ಷೇಪ ನ್ಯಾಯವೇ. ಎಬಿಎಸ್ ಇರುವ ಗಾಡಿಗೆ ಅವರೇ ಬೇಕಾಗಬಹುದು. ಉಳಿದಂತೆ ಇಬ್ಬರು ಸಾಕು: ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಚಕ್ರದ ಬ್ಲೀಡರ್ ಸ್ಕ್ರೂ ಸಡಿಲಿಸಿ ಬಿಗಿ ಮಾಡಬೇಕು, ಆಮೇಲಷ್ಟೇ ಕಾಲೆತ್ತಬೇಕು. ನಡುವೆ ಆಯಿಲ್ ಡಬ್ಬಿ ಬರಿದಾದರೆ ಮತ್ತೆ ಗಾಳಿ ಹೊಕ್ಕು, ಎಲ್ಲವೂ ಮೊದಲಿನಿಂದ.